ಇಂದಿನ ಧಮ್ಮ ಚಿಂತನೆ: ಕೈ ಬಿಟ್ಟರೂ ಇಳಿಯದ ರೇಸ್





ಹೋದ ವಾರ ನಮ್ಮಕ್ಕನ ಮಗ ಮೂಡಿಗೆರೆಯಿಂದ ಗೋಣಿಬೀಡಿಗೆ ಬೈಕಿನಲ್ಲಿ ಬರುತ್ತಿದ್ದ. ಹಿಂದೆ ತಂಗಿ ಕೂತಿದ್ದಳು. ಜಿಟಿಜಿಟಿ ಮಳೆ. ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲಿಲ್ಲ. ಎದುರಿಗೆ ಪಿಕಪ್ ಗಾಡಿ. ಪುಣ್ಯಕ್ಕೆ ಹುಡುಗ ಗಾಬರಿಯಾಗದೆ ಕ್ಲಚ್ ಹಿಡಿದ, ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿದ, ಮೆಲ್ಲಗೆ ಬ್ರೇಕ್ ಹಿಡಿದು ತೋಟದ ಬೇಲಿ ಪಕ್ಕ ನಿಂತ. ಇಬ್ಬರಿಗೂ ಏನೂ ಆಗಲಿಲ್ಲ.

(ಪುಣ್ಯಕ್ಕೆ ಅಂತ ಬರೆದೆ. ನಾಲಿಗೆಗೆ ಹತ್ತಿದ ಮಾತು ಬೇಗ ಬಿಡುವುದಿಲ್ಲ, ನೋಡಿ.)

ಮನೆಗೆ ಬಂದ ಮೇಲೆ ಶುರುವಾಯಿತು. "ಅಮಾಸೆ ದಿನ ಗಾಡಿ ತೆಗೀಬೇಡ ಅಂದಿದ್ನಲ್ಲ" ಅಂತ ಅಕ್ಕ. ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ಟಿ ಅಂತ ಪಕ್ಕದ ಮನೆಯವರು. ಅಕ್ಕ ಧಮ್ಮ ದೀಕ್ಷೆ ತೆಗೆದುಕೊಂಡು 11 ವರ್ಷ ಆಯಿತು. ಆದರೂ ಕೊಡೆ ಹಿಡಿದು ಅಂಗಡಿಗೆ ಹೊರಟೇಬಿಟ್ಟಿದ್ದಳು. ನಾನು ಬೈಯಲಿಲ್ಲ. ಇರುವ ಇಬ್ಬರು ಮಕ್ಕಳೂ ಒಂದೇ ಗಾಡಿಯ ಮೇಲಿದ್ದರು. ಹೆದರಿದ ತಾಯಿಯ ಕೈಗೆ ಏನಾದರೂ ಕೆಲಸ ಬೇಕು. "ಮೊದಲು ಗಾಡಿ ನೋಡೋಣ ಬಾ ಅಕ್ಕ, ಟಾರ್ಚ್ ಹಿಡಿ" ಅಂದೆ.

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಅತಿಮಾನುಷ ಶಕ್ತಿಯ ನಂಬಿಕೆಯನ್ನು ಧಮ್ಮವಲ್ಲದ್ದರ ಪಟ್ಟಿಗೆ ಸೇರಿಸಿದ್ದಾರೆ. ಆದದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಬೇಕು. ನಾವು ಹುಡುಕಿದೆವು.

ಎಂಜಿನ್ ಬಂದ್ ಮಾಡಿ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಅದು ಟಕ್ ಅಂತ ವಾಪಸ್ ಬರಬೇಕು. ನಮ್ಮದು ತೆವಳುತ್ತಿತ್ತು. ಕಾರ್ಬ್ಯುರೇಟರ್ ಕಡೆಯ ತುದಿ ಬಿಚ್ಚಿ ನೋಡಿದೆವು. ಒಳಗಿನ ಸ್ಲೈಡ್ ಸಲೀಸಾಗಿ ಆಡುತ್ತಿತ್ತು, ಸ್ಪ್ರಿಂಗೂ ಚೆನ್ನಾಗಿತ್ತು. ಮೇಲಿನ ತುದಿಯನ್ನೂ ಬಿಚ್ಚಿದಾಗ ಹಿಡಿಕೆ ಹಗುರವಾಗಿ ತಿರುಗಿತು. ಉಳಿದದ್ದು ನಡುವಿನ ಕೇಬಲ್. ಹ್ಯಾಂಡಲ್ ಬಳಿಯ ರಬ್ಬರ್ ಟೋಪಿ ಹರಿದು ಎಷ್ಟು ಮಳೆಗಾಲ ಆಗಿತ್ತೋ, ಚಾಪೆಗೂ ಬೂಷ್ಟು ಹಿಡಿಯುವ ನಮ್ಮೂರ ನೀರೆಲ್ಲ ಒಳಗೆ ಇಳಿದಿತ್ತು. ತಂತಿ ತುಕ್ಕು ಹಿಡಿದು, ಬಾಗಿದ ಕಡೆ 2 ಎಳೆ ತುಂಡಾಗಿದ್ದವು. "ಇದಾ?" ಅಂದಳು ಅಕ್ಕ.

ಎಳೆ ತುಂಡಾದ ಮೇಲೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಕೇಬಲನ್ನೇ ಬದಲಾಯಿಸಬೇಕು. ಬರೀ ಒಣಗಿದ್ದರೆ, ಬಿಚ್ಚಿ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಕವರಿನ ಲಾಳಿಕೆ ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಬಿಡಿ. ಕೆಳಗೆ ಕಪ್ಪು ಹೋಗಿ ತಿಳಿ ಎಣ್ಣೆ ತೊಟ್ಟಿಕ್ಕುವವರೆಗೆ ಬಿಡಬೇಕು. ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ನಮ್ಮ ಚಳಿಗೆ ಗಟ್ಟಿಯಾಗುತ್ತದೆ. 2020ರಿಂದೀಚಿನ ಬೈಕುಗಳಲ್ಲಿ ಹೆಚ್ಚಿನವು ಇಂಜೆಕ್ಷನ್ ಗಾಡಿಗಳು. ಅವುಗಳ ಕೇಬಲ್ ನೋಡಬಹುದು, ಒಳಗಿನದನ್ನು ಮೆಕ್ಯಾನಿಕ್‌ಗೆ ಬಿಡಿ.

ಹೊಸ ಕೇಬಲ್ ಹಾಕುವಾಗ ನನಗೆ ಸೋಣ ಭಿಕ್ಖು ನೆನಪಾದರು. ರಾಜಗೃಹದ ಸೀತವನದಲ್ಲಿ ಅವರು ನಡೆದೂ ನಡೆದೂ ಕಾಲು ಒಡೆದು ರಕ್ತ ಸುರಿಯಿತಂತೆ. ಮನೆಯಲ್ಲಿದ್ದಾಗ ಅವರು ವೀಣೆ ನುಡಿಸುತ್ತಿದ್ದವರು. ಭಗವಾನರು ಕೇಳಿದ್ದು ಅದನ್ನೇ: ತಂತಿ ಅತಿ ಬಿಗಿಯಾದರೆ ನುಡಿಯುತ್ತದೆಯೇ, ಸಡಿಲವಾದರೆ ನುಡಿಯುತ್ತದೆಯೇ ಎಂದು. ಕೇಬಲ್ಲೂ ಹಾಗೆಯೇ. ಹಿಡಿಕೆಯಲ್ಲಿ 2ರಿಂದ 6 ಮಿಲಿಮೀಟರ್ ಆಟ ಇರಬೇಕು. ಬಿಗಿಯಾದರೆ ಹ್ಯಾಂಡಲ್ ತಿರುಗಿಸಿದಾಗ ತಾನೇ ರೇಸ್ ಏರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಹಾಕಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಪರೀಕ್ಷೆ ಮಾಡಿ.

ಇನ್ನೊಂದು ಮಾತು, ಕೋಪ ಬೇಡ. ಆಯುಧಪೂಜೆಗೆ ಗಾಡಿ ತೊಳೆದು ಹೂ ಹಾಕುವವರನ್ನು ನೋಡಿ ನಾವು ನಗುತ್ತೇವೆ. ನಮ್ಮ ಟ್ಯಾಂಕಿನ ಮೇಲೆ ಬಾಬಾಸಾಹೇಬರ ನೀಲಿ ಸ್ಟಿಕ್ಕರ್ ಇದೆ, ನನ್ನದರ ಮೇಲೂ ಇದೆ. ಆ ಹುಡುಗನ ಬೈಕಿನ ಮೇಲೂ ಇತ್ತು. ಅದರ ಒಂದು ಗೇಣು ಮೇಲೆಯೇ ರಬ್ಬರ್ ಹರಿದಿತ್ತು, ಯಾರೂ ನೋಡಿರಲಿಲ್ಲ.

ಈ ಭಾನುವಾರ ವಂದನೆ ಮುಗಿದ ಮೇಲೆ ಎಲ್ಲರೂ ಬೈಕ್ ತನ್ನಿ, ಎಣ್ಣೆ ನಾನು ತರುತ್ತೇನೆ. ಅಕ್ಕ ಈಗ ಮಗ ಹೊರಡುವಾಗ ಅಂಗಳಕ್ಕೆ ಬಂದು ನಿಲ್ಲುತ್ತಾಳೆ. "ತಿರುಗಿಸಿ ಬಿಡು, ಟಕ್ ಅಂತ ನಂಗೆ ಕೇಳ್ಬೇಕು" ಅನ್ನುತ್ತಾಳೆ.

ಸಾಧು, ಸಾಧು, ಸಾಧು. ಜೈ ಭೀಮ್.