ಕೆಲಸ ಹೋದವನ ಊರು ಯಾವುದು?

ಊರಿನಲ್ಲಿ ಹೊಸಬರು ಯಾರಾದರೂ ಸಿಕ್ಕರೆ ಹಿರಿಯರು ಮೊದಲು ಕೇಳುವುದು "ಯಾರ ಮನೆಯವರು?" ಎಂದು. ಮನೆಯ ಹೆಸರು ಹೇಳಿದರೆ ಸಾಕು, ಅಜ್ಜನಿಂದ ಹಿಡಿದು ಗದ್ದೆಯಂಚಿನ ತಕರಾರಿನವರೆಗೆ ಎಲ್ಲವೂ ಅವರಿಗೆ ತಿಳಿದುಹೋಗುತ್ತದೆ. ಮುಂಬಯಿಯಲ್ಲಿ ಈ ಪ್ರಶ್ನೆ ಇಲ್ಲ. ಒಂದೇ ತಾಲೂಕಿನ ಇಬ್ಬರು ಇಲ್ಲಿ ಮದುವೆ ಹಾಲಿನಲ್ಲಿ ಭೇಟಿಯಾದರೂ ಮೊದಲು ಬರುವ ಮಾತು "ಎಲ್ಲಿ ಕೆಲಸ?" ಎಂಬುದೇ. ಬ್ಯಾಂಕಿನ ಭಟ್ರು, ಹೋಟೆಲಿನ ಶೆಟ್ರು, ಮಿಲ್ಲಿನ ಅಣ್ಣ. ಊರಿನಲ್ಲಿ ಮನೆತನಕ್ಕೆ ಇರುವ ಸ್ಥಾನ ಇಲ್ಲಿ ನೌಕರಿಗೆ. ನಾವು ಊರು ಬಿಟ್ಟದ್ದು ಯಾಕೆ ಎಂಬ ಪ್ರಶ್ನೆಗೂ ಆ ನೌಕರಿಯೇ ಉತ್ತರ. ಹಾಗಾಗಿ ನಲವತ್ತೈದು, ಐವತ್ತರ ವಯಸ್ಸಿನಲ್ಲಿ ಪರವೂರಿನಲ್ಲಿ ನೌಕರಿ ಹೋದವನಿಗೆ ಸಂಬಳ ಮಾತ್ರ ನಿಲ್ಲುವುದಲ್ಲ, ಇಲ್ಲಿ ಯಾಕೆ ಇದ್ದೇನೆ ಎಂಬುದಕ್ಕೆ ಇದ್ದ ಉತ್ತರವೂ ಹೋಗುತ್ತದೆ. ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಈ ಎರಡನೆಯ ನಷ್ಟ ಅಷ್ಟಾಗಿ ಕಾಣಿಸಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಲೆಮಾರಿನ ಬ್ಯಾಂಕಿನವರಿಗೆ ಈ ವಿಷಯ ಬಂದದ್ದು ವಿ.ಆರ್.ಎಸ್. ಎಂಬ ಮೂರು ಅಕ್ಷರಗಳಲ್ಲಿ. ಸ್ವಇಚ್ಛಾ ನಿವೃತ್ತಿ. 2000ದ ಕೊನೆಗೆ ಮತ್ತು 2001ರ ಆರಂಭದಲ್ಲಿ ಸರಕಾರಿ ಬ್ಯಾಂಕುಗಳು ಒಂದರ ಹಿಂದೆ ಒಂದು ಈ ಯೋಜನೆ ತೆರೆದವು. ಹದಿನೈದು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ಆದವರು ಅರ್ಜಿ ಹಾಕಬಹುದು. ಪೂರೈಸಿದ ಪ್ರತಿ ವರ್ಷದ ಸೇವೆಗೆ ಅರವತ್ತು ದಿನದ ಸಂಬಳ, ಅಥವಾ ಉಳಿದಿರುವ ತಿಂಗಳುಗಳ ಸಂಬಳ, ಯಾವುದು ಕಡಿಮೆಯೋ ಅದು. ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಹೀಗೆ ಹೊರಗೆ ಬಂದರು. ಕೌಂಟರಿನಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬರುತ್ತಿದ್ದ ಕಾಲ. ಜನ ಹೆಚ್ಚಾಗಿದ್ದಾರೆ ಎಂದು ಮೇಲಿನವರು ಹೇಳುತ್ತಿದ್ದರು.

ಆಗ ನನಗೆ ನಲವತ್ತೊಂದು. ಅರ್ಹತೆ ಇತ್ತು, ಅರ್ಜಿ ಹಾಕಲಿಲ್ಲ. ಮಕ್ಕಳು ಚಿಕ್ಕವರು, ಮನೆ ಸಾಲ ಇತ್ತು, ಅಷ್ಟೇ ಕಾರಣ. ಧೈರ್ಯದ ಮಾತೂ ಇಲ್ಲ, ವಿವೇಕದ ಮಾತೂ ಇಲ್ಲ.

ಆದರೆ ಆ 'ಸ್ವಇಚ್ಛೆ' ಎಂಬ ಶಬ್ದ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾರೂ ಯಾರನ್ನೂ ಕುತ್ತಿಗೆ ಹಿಡಿದು ದೂಡಲಿಲ್ಲ ಎನ್ನುವುದು ನಿಜ. ಆದರೆ ಬ್ರಾಂಚಿನಲ್ಲಿ ದಿನಾ ಗುಸುಗುಸು: ಈಗ ಹೋಗದಿದ್ದರೆ ಮುಂದೆ ಹಣವೂ ಸಿಗಲಿಕ್ಕಿಲ್ಲ, ಬಿಹಾರಕ್ಕೋ ಅಸ್ಸಾಮಿಗೋ ವರ್ಗ ಮಾಡಿಯಾರು, ಕಂಪ್ಯೂಟರ್ ಕಲಿಯದವರನ್ನು ಮೂಲೆಗೆ ಕೂರಿಸಿಯಾರು. ಹೆದರಿಕೆಯಿಂದ ಹಾಕಿದ ಸಹಿ ಸ್ವಇಚ್ಛೆಯದ್ದೇ? ಸಹಿ ಹಾಕಿ ನಾಲ್ಕು ದಿನಕ್ಕೆ ಮನಸ್ಸು ತಿರುಗಿಸಿದವರೂ ಇದ್ದರು. ಅರ್ಜಿ ಹಿಂತೆಗೆದುಕೊಳ್ಳಬಹುದೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ 2002ರ ಡಿಸೆಂಬರಿನಲ್ಲಿ ತೀರ್ಪಾಯಿತು. ರಾಷ್ಟ್ರೀಕೃತ ಬ್ಯಾಂಕುಗಳ ಮಟ್ಟಿಗೆ, ಬ್ಯಾಂಕು ಒಪ್ಪುವ ಮುನ್ನ ಹಿಂತೆಗೆದುಕೊಳ್ಳಬಹುದು, ಹಣ ತೆಗೆದುಕೊಂಡವರಿಗೆ ಆ ದಾರಿ ಇಲ್ಲ ಎಂಬುದು ಅದರ ತಿರುಳು. ಕಾನೂನಿಗೆ ಇಚ್ಛೆ ಎಂದರೆ ಕಾಗದ ಮತ್ತು ತಾರೀಕು. ಕಾನೂನು ಇನ್ನೇನು ಮಾಡೀತು, ಪಾಪ.

ನನ್ನ ಒಬ್ಬ ಹಿರಿಯ ಸಹೋದ್ಯೋಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಹೆಂಡತಿಯ ಕಡೆಯಿಂದ ಏನೋ ದೂರದ ನೆಂಟಸ್ತಿಕೆ ಇದ್ದುದರಿಂದ ನಾನು ಅವರನ್ನು 'ಭಾವ' ಎಂದೇ ಕರೆಯುವುದು. ಬೈಂದೂರು ಕಡೆಯವರು. ಡೊಂಬಿವಲಿಯಲ್ಲಿ ಒಂದು ಕೋಣೆ, ಹಾಲು, ಅಡಿಗೆಮನೆಯ ಫ್ಲ್ಯಾಟು. 2001ರಲ್ಲಿ ಅವರಿಗೆ ನಲವತ್ತೊಂಬತ್ತು, ಇಪ್ಪತ್ತಾರು ವರ್ಷ ಸರ್ವಿಸು. ಲೆಕ್ಕ ಸರಳ: ಇಪ್ಪತ್ತಾರನ್ನು ಅರವತ್ತರಿಂದ ಗುಣಿಸಿದರೆ 1,560 ದಿನ, ಅಂದರೆ ಐವತ್ತೆರಡು ತಿಂಗಳು. ತಿಂಗಳಿಗೆ ಹದಿನೈದು ಸಾವಿರ ಎಂದು ಹಿಡಿದರೆ 7 ಲಕ್ಷ 80 ಸಾವಿರ. ಆಗ ಠೇವಣಿಗೆ ನೂರಕ್ಕೆ ಹತ್ತರ ಆಸುಪಾಸು ಬಡ್ಡಿ. ತಿಂಗಳಿಗೆ ಆರೂವರೆ ಸಾವಿರ ಕೂತಲ್ಲಿಗೆ ಬರುತ್ತದೆ, ಉಳಿದದ್ದನ್ನು ಏನಾದರೂ ಮಾಡಿ ದುಡಿಯಬಹುದು ಎಂದು ಅವರ ಅಂದಾಜು. ಬ್ಯಾಂಕಿನವರು ಹಾಕಿದ ಲೆಕ್ಕ, ತಪ್ಪಿರಲಿಲ್ಲ.

ತಪ್ಪಿದ್ದು ಲೋಕ. ಅವರ ಪರಿಚಯದವರಲ್ಲಿ ಅನೇಕರು ಕೈಗೆ ಬಂದ ಹಣವನ್ನು ಯೂನಿಟ್ ಟ್ರಸ್ಟಿನ ಯು.ಎಸ್. 64ಕ್ಕೆ ಹಾಕಿದ್ದರು. ಮಧ್ಯಮ ವರ್ಗದವರಿಗೆ ಅದು ಚಿನ್ನದಷ್ಟೇ ಭದ್ರ. 2001ರ ಜುಲೈನಲ್ಲಿ ಅದರ ಮಾರಾಟ ಮತ್ತು ಮರುಖರೀದಿಯನ್ನು ಆರು ತಿಂಗಳು ನಿಲ್ಲಿಸಿಬಿಟ್ಟರು. ಬ್ಯಾಂಕಿನಲ್ಲೇ ಇಟ್ಟವರದ್ದೂ ಏನು ಸುಖವಿಲ್ಲ. ಮೂರು ವರ್ಷದೊಳಗೆ ಬಡ್ಡಿ ಆರರ ಹತ್ತಿರಕ್ಕೆ ಇಳಿಯಿತು. ಅದೇ ಏಳು ಲಕ್ಷ ಎಂಬತ್ತು ಸಾವಿರಕ್ಕೆ ಈಗ ಮೂರು ಸಾವಿರದ ಒಂಬೈನೂರು. ಭಾವ ಪಿಂಚಣಿಯ ಬದಲು ಪ್ರಾವಿಡೆಂಟ್ ಫಂಡ್ ಆರಿಸಿಕೊಂಡಿದ್ದವರು. ಹಾಗಾಗಿ ಬಡ್ಡಿ ಇಳಿದದ್ದು ನೇರ ಅಡಿಗೆಮನೆಗೇ ತಟ್ಟಿತು.

ಊರಿಗೆ ಅವರು ಸುದ್ದಿ ತಿಳಿಸಲಿಲ್ಲ. ಮೇ ತಿಂಗಳಲ್ಲಿ ಎಂದಿನಂತೆ ಹೋದರು. ತಾಯಿ ಕೇಳಿದರಂತೆ, "ರಜೆ ಎಷ್ಟು ದಿನ ಮಗಾ?" ಇವರು ಎಂದಿನಂತೆ "ಹದಿನೈದು" ಎಂದರು. ಹದಿನೈದನೇ ದಿನ ಬಸ್ಸು ಹತ್ತಿ ಬಂದರು. ಸುಳ್ಳು ಹೇಳಿದ್ದು ಸರಿಯೇ ಎಂದು ಕೇಳಿದರೆ ನಾನು ನ್ಯಾಯ ಹೇಳಲಾರೆ. ಎಂಬತ್ತರ ತಾಯಿಗೆ ಮಗನ ಬ್ಯಾಂಕು ಎಂದರೆ ಊರಿನ ದೇವಸ್ಥಾನದಷ್ಟೇ ಗಟ್ಟಿ.

ಮುಂದಿನ ಎರಡು ವರ್ಷ ಮನೆ ನಡೆದದ್ದು ಅಕ್ಕನಿಂದ, ಅಂದರೆ ಅವರ ಹೆಂಡತಿಯಿಂದ. ಹಾಲಿನಲ್ಲಿ ಮಧ್ಯಾಹ್ನ ಮೂರರಿಂದ ಟ್ಯೂಷನ್ ಶುರು ಮಾಡಿದರು. ಮಕ್ಕಳು ಬರುವ ಹೊತ್ತಿಗೆ ಭಾವ ಚಪ್ಪಲಿ ಮೆಟ್ಟಿ ಹೊರಡುವುದು. ಗಂಡಸು ಹಗಲಿನಲ್ಲಿ ಮನೆಯಲ್ಲಿ ಕಂಡರೆ ಬಿಲ್ಡಿಂಗಿನವರು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ನೋಡುತ್ತಾರೆ. ಡೊಂಬಿವಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕುಳಿತು, ಬಂದು ಹೋಗುವ ಲೋಕಲುಗಳನ್ನು ನೋಡಿ, ಕತ್ತಲಾದ ಮೇಲೆ ಆಫೀಸಿನಿಂದ ಬರುವ ಜನರ ಜೊತೆಗೇ ಮೆಟ್ಟಿಲಿಳಿದು ಮನೆಗೆ ಬರುತ್ತಿದ್ದರು. "ಇಪ್ಪತ್ತಾರು ವರ್ಷ ಆ ಗಾಡಿಯನ್ನು ಬೈದದ್ದು ಮಾರಾಯ್ರೆ, ಈಗ ನೋಡಿದರೆ ಹತ್ತುವ ಅಂತ ಕಾಣ್ತದೆ" ಎಂದು ಒಮ್ಮೆ ನಕ್ಕಿದ್ದರು.

ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂದದ್ದು. ಮುಂಬಯಿಯ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ ನಾಗನಾಥನನ್ನು ಏಕಾಏಕಿ ಕೆಲಸದಿಂದ ದೂರ ಇಡುತ್ತಾರೆ. ಹುದ್ದೆ ಅಲುಗಾಡಿದ ಕೂಡಲೇ ಅವನ ಹಿಂದಿನ ಬದುಕೆಲ್ಲ ಅಲುಗಾಡುತ್ತದೆ. ಕಾಲೇಜಿನಲ್ಲಿ ಓದಿದಾಗ ಅದು ನನಗೆ ದೊಡ್ಡ ಸಾಹೇಬರ ಲೋಕದ ಕಥೆಯಾಗಿ ಕಂಡಿತ್ತು. ಡೊಂಬಿವಲಿಯ ಸೆಕೆಂಡ್ ಕ್ಲಾಸ್ ಪಾಸಿನವರಿಗೂ ಅದೇ ಆಗುತ್ತದೆ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಇಂಥ ಹೊತ್ತಿನಲ್ಲಿ ಬುದ್ಧಿ ಹೇಳುವವರು ತುಂಬಾ. ಒಬ್ಬರು ಗೀತೆಯ ಸ್ವಧರ್ಮ ಎನ್ನುತ್ತಾರೆ, ಇನ್ನೊಬ್ಬರು ಶರಣರ ಕಾಯಕ ಎನ್ನುತ್ತಾರೆ. ಯಾವ ಕೆಲಸವೂ ಕೀಳಲ್ಲ, ಎಲ್ಲಿಯಾದರೂ ಶುರು ಮಾಡಿ ಎಂದು. ಮಾತು ದೊಡ್ಡದು, ನನಗೂ ಅದರಲ್ಲಿ ಗೌರವ ಇದೆ. ಆದರೆ ಗಮನಿಸಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ. ಕಾಯಕ ಅವರ ಹೆಸರಿನ ಮುಂದೆಯೇ ಕುಳಿತಿದೆ. ಕಾಯಕ ಇರುವವನಿಗೆ ಅದು ಮೇಲು ಕೀಳಲ್ಲ ಎಂದು ಹೇಳಿದರೆ ಅರ್ಥವಾಗುತ್ತದೆ. ಹೊಳೆಗೆ ಸೇತುವೆ ಬಂದ ಮೇಲೆ ಅಂಬಿಗನಿಗೆ ಏನು ಹೇಳುವುದು? ನಮ್ಮ ಕರಾವಳಿಯ ಹೊಳೆಗಳಿಗೆ ಸೇತುವೆಗಳು ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು ಆಮೇಲೆ ಏನಾದರು ಎಂದು ಯಾರೂ ಬರೆದಿಡಲಿಲ್ಲ. ಸೇತುವೆ ಬೇಡವಿತ್ತು ಎಂದು ಹೇಳುತ್ತಿಲ್ಲ. ಸೇತುವೆ ದಾಟುವವರಿಗೂ ಆ ಅಂಬಿಗನಿಗೂ ಏನಾದರೂ ಲೇವಾದೇವಿ ಉಳಿದಿದೆಯೇ ಎಂದು ಕೇಳುತ್ತಿದ್ದೇನೆ.

ಈ ಪ್ರಶ್ನೆ ನನ್ನ ಮಟ್ಟಿಗೆ ಹೊರಗಿನದ್ದಲ್ಲ. ಒಂದು ಲಕ್ಷ ಮಂದಿ ಹೋದದ್ದರಿಂದ ಬ್ಯಾಂಕುಗಳ ಸಂಬಳದ ಹೊರೆ ಇಳಿಯಿತು. ಉಳಿದ ನಮಗೆ ಕೆಲಸ ಹೆಚ್ಚಾಯಿತು, ನಿಜ. ರಾತ್ರಿ ಒಂಬತ್ತರವರೆಗೆ ಬ್ರಾಂಚಿನಲ್ಲಿ ಕುಳಿತದ್ದುಂಟು. ಆದರೆ 2020ರಲ್ಲಿ ನಾನು ಅರವತ್ತು ತುಂಬಿ, ಹಾರ ಹಾಕಿಸಿಕೊಂಡು, ಪಿಂಚಣಿಯೊಂದಿಗೆ ಹೊರಗೆ ಬಂದೆ. ಭಾವ ಎದ್ದು ಹೋದ ಕುರ್ಚಿಯ ಬೆಲೆಯಲ್ಲಿ ಸ್ವಲ್ಪ ಪಾಲು ನನ್ನ ಹಾರದಲ್ಲಿ ಇಲ್ಲವೇ? ಇದು ತಪ್ಪಿನ ಮಾತಲ್ಲ, ನಾನು ಯಾರನ್ನೂ ಎಬ್ಬಿಸಲಿಲ್ಲ. ಋಣದ ಮಾತು. ಲೆಡ್ಜರಿನಲ್ಲಿ ಇಂಥದ್ದಕ್ಕೆ ಕಾಲಮ್ ಇಲ್ಲ.

ನಮಗಿಂತ ಮೊದಲು ಇದೇ ಊರಿನಲ್ಲಿ ಗಿರಣಿ ಕೆಲಸಗಾರರು ಇದ್ದರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ. ಅದು ಮುಗಿಯಿತು ಎಂದು ಯಾರೂ ಘೋಷಣೆ ಮಾಡಲಿಲ್ಲ, ಹಾಗೇ ಕರಗಿಹೋಯಿತು. ನಾನು ಬ್ಯಾಂಕು ಸೇರಿದ್ದು ಅದೇ ವರ್ಷ. ಲಾಲ್‌ಬಾಗ್, ಪರೇಲಿನಲ್ಲಿ ನಮ್ಮವರ ಹೋಟೆಲುಗಳ ಗಲ್ಲಾ ಖಾಲಿ ಹೊಡೆಯುತ್ತಿತ್ತು. ಕೆಲಸಗಾರರು ಕೊಂಕಣಕ್ಕೆ, ಸಾತಾರಕ್ಕೆ ಮರಳಿದರು. ಮರಳಲು ಗದ್ದೆ ಇಲ್ಲದವರು ತರಕಾರಿ ಗಾಡಿ ತಳ್ಳಿದರು, ವಡಾ ಪಾವ್ ಕರಿದರು, ವಾಚ್‌ಮನ್ ಆದರು. ಈಗ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ದೊಡ್ಡ ಮಾಲ್ ಇದೆ, ಹೆಸರು ಮಾತ್ರ ಉಳಿದಿದೆ. ಅವರಿಗೆ ಯಾರೂ 'ಹೊಸ ದಿಕ್ಕು ಹುಡುಕಿಕೊಳ್ಳಿ' ಎಂದು ಹೇಳಲಿಲ್ಲ. ಆ ಮಾತು ಆರು ತಿಂಗಳ ಅಕ್ಕಿ ಡಬ್ಬದಲ್ಲಿ ಇರುವವರಿಗೆ ಮಾತ್ರ ಹೇಳಬಹುದಾದದ್ದು.

ನಮ್ಮವರು ಒಂದು ಹೆಮ್ಮೆಯ ಮಾತು ಹೇಳುವುದುಂಟು: ಹೋಟೆಲಿನಲ್ಲಿ ಗ್ಲಾಸು ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಆಫೀಸರಾದವರು ನಾವು, ನಮಗೆ ದಿಕ್ಕು ಬದಲಿಸುವುದು ಹೊಸತೇ ಎಂದು. ಅದು ನಿಜ, ರಾತ್ರಿ ಶಾಲೆಗಳ ಉಪಕಾರ ದೊಡ್ಡದು. ಆದರೆ ಹದಿನಾಲ್ಕರ ಹುಡುಗ ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಮೇಲೆ ನೋಡುತ್ತಾನೆ, ಅವನಿಗೆ ಬೀಳಲು ಜಾಗವೇ ಇಲ್ಲ. ಐವತ್ತರವನು ಇಳಿಯುವುದನ್ನು ನೋಡಲು ಹೆಂಡತಿ, ಮಕ್ಕಳು, ಬೀಗರು ಎಲ್ಲ ಇರುತ್ತಾರೆ. ಭಾವ ಥಾಣೆಯ ನೆಂಟರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಒಂದು ತಿಂಗಳು ಕುಳಿತರು. ಹುಡುಗರು 'ಸಾಹೇಬ್' ಎಂದು ಕರೆಯುತ್ತಿದ್ದರು, ಪ್ರೀತಿಯಿಂದಲೇ. ಆ ಪ್ರೀತಿ ತಡೆದುಕೊಳ್ಳಲಾಗದೆ ಬಿಟ್ಟರು. ವಿಮೆ ಏಜೆನ್ಸಿ ಮಾಡಿದರು, ನೆಂಟರು ಮದುವೆಯಲ್ಲಿ ಅವರ ಪಕ್ಕ ಕೂರುವುದನ್ನು ಬಿಟ್ಟರು.

ದಿಕ್ಕು ಬಂದದ್ದು ಬೇರೆ ಕಡೆಯಿಂದ. 2005ರ ಏಪ್ರಿಲ್ ಒಂದಕ್ಕೆ ಮಹಾರಾಷ್ಟ್ರದಲ್ಲಿ ಸೇಲ್ಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ಮನೆ ಕೆಳಗಿನ ಸ್ಟೇಷನರಿ ಅಂಗಡಿಯವನಿಗೆ ಹೊಸ ಫಾರ್ಮು ಅರ್ಥವಾಗಲಿಲ್ಲ. "ಕಾಕಾ, ನೀವು ಬ್ಯಾಂಕಿನಲ್ಲಿ ಇದ್ದವರಲ್ಲವಾ, ಸ್ವಲ್ಪ ನೋಡಿ" ಎಂದ. ಕಾಕಾ ನೋಡಿದರು. ಅವನ ಮಾತು ಕೇಳಿ ಹಾರ್ಡ್‌ವೇರ್ ಅಂಗಡಿಯವನು ಬಂದ. ಆಮೇಲೆ ಪಕ್ಕದ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ, ಮೂರು ವರ್ಷದ ಬಾಕಿ ಲೆಕ್ಕದ ಕಟ್ಟು ಹಿಡಿದುಕೊಂಡು. ಮುಂಬಯಿ ಉಪನಗರಗಳಲ್ಲಿ ಎಷ್ಟು ಕಟ್ಟಡವೋ ಅಷ್ಟು ಸೊಸೈಟಿ. ಪ್ರತಿಯೊಂದಕ್ಕೂ ನಿರ್ವಹಣೆಯ ಬಿಲ್ಲು, ಸಿಂಕಿಂಗ್ ಫಂಡ್, ವರ್ಷಕ್ಕೊಮ್ಮೆ ಆಡಿಟ್. ಭಾವ ಎರಡು ವರ್ಷದಲ್ಲಿ ಹನ್ನೊಂದು ಸೊಸೈಟಿಗಳ ಲೆಕ್ಕ ಬರೆಯುತ್ತಿದ್ದರು.

ನನಗೆ ಇದರಲ್ಲಿ ಕುತೂಹಲದ ವಿಷಯ ಇದು. 'ನನಗೆ ಏನು ಇಷ್ಟ, ನಾನು ಏನಾಗಬೇಕು' ಎಂದು ಪ್ಲಾಟ್‌ಫಾರ್ಮಿನಲ್ಲಿ ಅವರು ನಾಲ್ಕು ವರ್ಷ ಯೋಚಿಸಿದರು, ಏನೂ ಹೊಳೆಯಲಿಲ್ಲ. ಇನ್ನೊಬ್ಬನಿಗೆ ಒಂದು ಫಾರ್ಮು ಅರ್ಥವಾಗದೆ ಹೋದಾಗ ಹೊಳೆಯಿತು. ಒಳಗೆ ಹುಡುಕಿದರೆ ದಿಕ್ಕು ಸಿಗುತ್ತದೆ ಎಂದು ಈಗಿನ ಪುಸ್ತಕಗಳು ಹೇಳುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಹಾಗೆಂದು ಎಲ್ಲರ ಮನೆ ಕೆಳಗೂ ಸ್ಟೇಷನರಿ ಅಂಗಡಿ ಇರುವುದಿಲ್ಲ. ನಮ್ಮ ಇನ್ನೊಬ್ಬ ಸಹೋದ್ಯೋಗಿ ಅದೇ ಸಮಯದಲ್ಲಿ ಹೊರಗೆ ಬಂದವರು, ಭಾವನಿಗಿಂತ ಬುದ್ಧಿವಂತರು. ಮಗಳ ಮದುವೆ ಮಾಡಿದರು, ಊರಿನಲ್ಲಿ ಮನೆ ಕಟ್ಟಿಸಿದರು. ಊರಿನಲ್ಲಿ ಅವರು 'ಬೊಂಬಾಯಿಯವರು', ಇಲ್ಲಿಗೆ ಬಂದರೆ 'ಊರಿಗೆ ಹೋದವರು'. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಓಡಾಡಿ ಕೊನೆಗೆ ಎಲ್ಲಿಯೂ ಮನಸ್ಸು ನಿಲ್ಲದೆ ತೀರಿಕೊಂಡರು. ಅವರಲ್ಲಿ ಪ್ರಯತ್ನ ಸಾಲದು ಎಂದು ಹೇಳುವವರಿದ್ದಾರೆ. ಯಾರೂ ಅವರ ಹತ್ತಿರ ಏನನ್ನೂ ಕೇಳಿಕೊಂಡು ಬರಲಿಲ್ಲ, ಅಷ್ಟೇ ನನಗೆ ಗೊತ್ತು.

ಈಗ ಭಾವನಿಗೆ ಎಪ್ಪತ್ತಮೂರು. ಜಿ.ಎಸ್.ಟಿ. ಬಂದ ಮೇಲೆ ಅಂಗಡಿಗಳನ್ನು ಬಿಟ್ಟರು, ಮೂರು ಸೊಸೈಟಿ ಇಟ್ಟುಕೊಂಡಿದ್ದಾರೆ. ಊರಿನಿಂದ ನನಗೂ ಅವರಿಗೂ ಆಗಾಗ ಫೋನ್ ಬರುತ್ತದೆ. ಮಗ ಐರೋಲಿಯ ಕಂಪನಿಯಲ್ಲಿದ್ದ, ನಲವತ್ತಾರು ವಯಸ್ಸು, ಒಂದು ಇ-ಮೇಲಿನಲ್ಲಿ ತೆಗೆದರಂತೆ, ಸ್ವಲ್ಪ ಮಾತಾಡಿ ಎಂದು. ಸ್ವಇಚ್ಛೆ ಎಂಬ ಮರ್ಯಾದೆಯ ಶಬ್ದವೂ ಈಗಿನವರಿಗೆ ಇಲ್ಲ. ಭಾನುವಾರ ಬರಲು ಹೇಳುತ್ತೇವೆ. ಮೊದಲು ಮನೆ ಸಾಲದ ಕಂತು, ಆಸ್ಪತ್ರೆಯ ವಿಮೆ, ಕೈಯಲ್ಲಿ ಎಷ್ಟು ತಿಂಗಳಿಗೆ ಇದೆ, ಇವನ್ನು ಬರೆಸುತ್ತೇವೆ. ಆಮೇಲೆ ಭಾವ ತಮ್ಮ ಪ್ರಶ್ನೆ ಕೇಳುತ್ತಾರೆ: "ಕಳೆದ ತಿಂಗಳು ಯಾರಾದರೂ ನಿಮ್ಮ ಹತ್ರ ಎಂತಾದರೂ ಕೇಳ್ಕೊಂಡು ಬಂದ್ರಾ?"

ಹೆಚ್ಚಿನವರು ಇಲ್ಲ ಎನ್ನುತ್ತಾರೆ, ಮತ್ತೆ ಸ್ವಲ್ಪ ಹೊತ್ತಿಗೆ ಏನೋ ನೆನಪಾಗುತ್ತದೆ. ಮೊನ್ನೆ ಬಂದವನಿಗೆ ನೆನಪಾಗಲಿಲ್ಲ. ತುಂಬಾ ಹೊತ್ತು ಯೋಚಿಸಿ, "ಇಲ್ಲ ಅಂಕಲ್, ಯಾರೂ ಇಲ್ಲ" ಎಂದ. ಭಾವನೂ ಸುಮ್ಮನಾದರು, ನಾನೂ ಸುಮ್ಮನಾದೆ. ಅಕ್ಕ ಒಳಗಿನಿಂದ ಅವಲಕ್ಕಿ ತಂದಿಟ್ಟು, ಮುಂದಿನ ಭಾನುವಾರವೂ ಬಾ ಎಂದರು. ಬರುತ್ತೇನೆ ಎಂದು ಹೋಗಿದ್ದಾನೆ.