ಮಗುವಿಗೆ ಕರ್ಮದ ಲೆಕ್ಕ ಹೇಳುವುದು ಸರಿಯೇ?

ಕ್ಯಾನ್ಸರ್ ವ್ಯಾಧಿಯಿಂದ ತಾಯಿ ತೀರಿಕೊಂಡ ಮನೆಗೆ ಸಾಂತ್ವನ ಹೇಳಲು ಬಂದ ಹಿರಿಯರು ಆಡುವ ಮಾತೊಂದಿದೆ: ‘ಪೂರ್ವಜನ್ಮದ ಕರ್ಮ, ಮಗು ಅನುಭವಿಸಲೇಬೇಕು.’ ಕನ್ನಡ, ತುಳು, ಮಲಯಾಳ, ಗುಜರಾತಿ, ಭಾಷೆ ಯಾವುದಾದರೂ ಮಾತು ಅದೇ. ಆಡಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಬಾಗಿಲ ಮರೆಯಲ್ಲಿ ನಿಂತ ಎಂಟು ವರ್ಷದ ಬಾಲಕನಿಗೆ ಕೇಳಿಸುವುದು ಬೇರೆ: ತನ್ನ ತಪ್ಪಿನಿಂದಲೇ ಅಮ್ಮ ಸತ್ತಳು.

ಕರ್ಮಸಿದ್ಧಾಂತವು ಜಿನಧರ್ಮದ ಅಡಿಗಲ್ಲು. ಅದನ್ನು ಅಲ್ಲಗಳೆಯುವ ಪ್ರಶ್ನೆಯೇ ಇಲ್ಲ. ಆದರೆ ಆ ಸಿದ್ಧಾಂತದಲ್ಲಿ ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣುವುದು. ತಾಯಿಯ ಆಯುಷ್ಯಕರ್ಮ ತಾಯಿಯದು. ಮಗನ ಕರ್ಮ ಆಕೆಗೆ ರೋಗವಾಗಿ ಬರುವುದಿಲ್ಲ. ಯಾವ ಕರ್ಮ ಎಂದು ಬಂಧವಾಯಿತು, ಎಂದು ಉದಯಕ್ಕೆ ಬಂದಿತು ಎಂಬುದನ್ನು ಪೂರ್ಣವಾಗಿ ಕಾಣಬಲ್ಲವನು ಕೇವಲಜ್ಞಾನಿ. ತನ್ನ ಅಂಗಡಿಯ ಲೆಕ್ಕವನ್ನೇ ವರ್ಷಕ್ಕೊಮ್ಮೆ ಸರಿಹೊಂದಿಸಲು ಪರದಾಡುವ ಗೃಹಸ್ಥನು ಪರರ ಜನ್ಮಾಂತರದ ಖಾತೆಯನ್ನು ಓದಿ ಹೇಳುವುದು ಎಷ್ಟರ ಮಟ್ಟಿಗೆ ಯುಕ್ತ?

ಕಾಸರಗೋಡಿನವರಿಗಂತೂ ಈ ಎಚ್ಚರ ಇನ್ನಷ್ಟು ಬೇಕು. ಎಣ್ಮಕಜೆಯ ಪಡ್ರೆ ಮೊದಲಾದ ಊರುಗಳ ಗೇರುತೋಟಗಳ ಮೇಲೆ 2000ದವರೆಗೂ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಂತ್ರಸ್ತರ ಪಟ್ಟಿಯಲ್ಲಿ ಕ್ಯಾನ್ಸರ್ ರೋಗಿಗಳೂ ಇದ್ದಾರೆ. ಪ್ರತಿಯೊಂದು ಕ್ಯಾನ್ಸರಿಗೂ ಆ ವಿಷವೇ ಕಾರಣವೆನ್ನಲಾಗದು, ನಿಜ. ಆದರೂ ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತರಾದ ಶ್ರೀಪಡ್ರೆ ಇವರು ‘ಊರಿನ ಕರ್ಮ’ ಎಂದು ಸುಮ್ಮನೆ ಕುಳಿತಿದ್ದರೆ ಆ ವಿಷಯ ಹೊರಗೆ ಬರುತ್ತಿತ್ತೇ? 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ಕೀಟನಾಶಕವನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ನೊಂದವನ ಕರ್ಮವನ್ನು ಎಣಿಸುತ್ತ ಕುಳಿತರೆ ವಿಷ ಎರಚಿದ ಕೈ ಕಣ್ಣಿಗೆ ಬೀಳುವುದಿಲ್ಲ.

ಎರಡೂ ಸಂಪ್ರದಾಯಗಳಿಗೆ ಮಾನ್ಯವಾದ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಸಾತಾವೇದನೀಯ ಕರ್ಮದ ಕಾರಣಗಳನ್ನು ಹೇಳುವಾಗ, ಪರರಲ್ಲಿ ದುಃಖ ಶೋಕಗಳನ್ನು ಹುಟ್ಟಿಸುವುದನ್ನೂ ಸೇರಿಸಿದ್ದಾರೆ. ಅಂದರೆ ತಬ್ಬಲಿಗೆ ಕರ್ಮದ ಪಾಠ ಹೇಳಿ ಅಳಿಸಿದವನ ಖಾತೆಗೇ ಕರ್ಮ ಬಂದು ಸೇರುತ್ತದೆ! ಪರರಿಗೆ ವಿಪತ್ತನ್ನು ತರುವುದಾದರೆ ಸತ್ಯವನ್ನೂ ನುಡಿಯಬಾರದೆಂಬುದು ಶ್ರಾವಕರಿಗೆ ಸಮಂತಭದ್ರಾಚಾರ್ಯರು ಹಾಕಿದ ಕಟ್ಟು.

ಹಾಗೆಂದು ಸುಳ್ಳು ಹೇಳಬೇಕಾಗಿಲ್ಲ. ‘ಅಮ್ಮ ಊರಿಗೆ ಹೋಗಿದ್ದಾಳೆ, ಬರುತ್ತಾಳೆ’ ಎಂದರೆ ಮಗು ಪ್ರತಿ ಸಂಜೆ ಗೇಟಿನ ಬಳಿ ಕಾಯುತ್ತದೆ. ಕ್ಯಾನ್ಸರ್ ಎಂಬ ರೋಗ ಬಂದಿತ್ತು, ವೈದ್ಯರು ಪ್ರಯತ್ನಿಸಿದರು, ಉಳಿಸಲಾಗಲಿಲ್ಲ, ನಿನ್ನದೇನೂ ತಪ್ಪಿಲ್ಲ. ಇಷ್ಟು ಹೇಳಿದರೆ ಅದು ಸತ್ಯವೂ ಹೌದು, ಅಹಿಂಸೆಯೂ ಹೌದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯ ಎಂಬೆರಡಿವೆ. ಅವು ಪ್ರವಚನದಲ್ಲಿ ಕೇಳಿ ಮನೆಗೆ ಹೋಗುವುದಕ್ಕಾಗಿ ಇರುವುವಲ್ಲ. ಶಾಲೆಯ ಫೀಸು, ಸಂಜೆಯ ಪಾಠ, ಹಬ್ಬದ ಹೊಸ ಅಂಗಿ, ಇವೂ ಅವುಗಳೊಳಗೇ ಬರುತ್ತವೆ. ಬಂಗ್ರಮಂಜೇಶ್ವರದ ಚತುರ್ಮುಖ ಬಸದಿಗೆ ಆ ಬಾಲಕನನ್ನು ಕರೆದೊಯ್ದಾಗ ಯಾರಾದರೊಬ್ಬರು ಅವನ ಕೈ ಹಿಡಿದು ಪ್ರದಕ್ಷಿಣೆ ಬರಲಿ. ನಡುವೆ ಅವನು ಅಮ್ಮನ ಮಾತೆತ್ತಿದರೆ ಮಾತು ಬದಲಿಸದೆ ಕೇಳಿಸಿಕೊಳ್ಳಲಿ.