ಎಣ್ಣೆಯ ಮಾತಿನಲ್ಲಿ ಆಪ್ತರು ಯಾರು?

ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರ ಮಾತಿನ ಮೇಲೆ ನಂಬಿ ನಡೆಯಬಹುದೆ? ಈ ಪ್ರಶ್ನೆ ದೇವರು, ಪುನರ್ಜನ್ಮ, ಪರಲೋಕಗಳಿಗೆ ಮಾತ್ರ ಸೇರಿದ್ದು ಎಂದು ತಿಳಿದವರು ಬಹಳ ಮಂದಿ. ನನಗೆ ಅದು ಹೆಚ್ಚಾಗಿ ಎದುರಾಗುವುದು ನಮ್ಮ ಮನೆಯ ಪಿಕಪ್ ಗಾಡಿಗೆ ಎಂಜಿನ್ ಆಯಿಲ್ ಬದಲಿಸುವ ಹೊತ್ತಿನಲ್ಲಿ. ಯಾವ ಆಯಿಲ್ ಹಾಕಬೇಕು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದನ್ನು ಮಾಲೀಕರಾದವರು ಯಾರೂ ತಮ್ಮ ಕಣ್ಣಾರೆ ನೋಡಿ ತೀರ್ಮಾನಿಸಲಾರರು. ಯಾರನ್ನೋ ನಂಬಲೇಬೇಕು. ಯಾರನ್ನು, ಏಕೆ ನಂಬಬೇಕು ಎಂಬುದೇ, ಅರಿವಿಗೆ ಆಧಾರ ಯಾವುದೆಂದು ವಿಚಾರಿಸುವ ಪ್ರಮಾಣಶಾಸ್ತ್ರದ ಹಳೆಯ ಚರ್ಚೆ.

ನಾನು ಶಿರಸಿ ಸೀಮೆಯವಳು. ಪದವಿಪೂರ್ವ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತೇನೆ. ಗಾಡಿ ಓಡಿಸುವವನು ನನ್ನ ತಮ್ಮ; ಅದರ ಡೀಸೆಲ್ಲು, ಸರ್ವಿಸ್ಸು, ವಿಮೆಯ ಲೆಕ್ಕವೆಲ್ಲ ನನ್ನ ಕೈಯಲ್ಲಿ. ತೋಟದ ಅಡಿಕೆ ಶಿರಸಿಗೆ ಹೋಗುತ್ತದೆ, ಬಾಳೆಗೊನೆ ಕುಮಟೆಗೆ. ಬರುವಾಗ ಗೊಬ್ಬರವನ್ನೋ ಸಾಣಿಕಟ್ಟಾ ಉಪ್ಪಿನ ಚೀಲಗಳನ್ನೋ ತುಂಬಿಕೊಂಡು ದೇವಿಮನೆ ಘಟ್ಟ ಹತ್ತಬೇಕು. ಸಮುದ್ರದ ಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ, ತುಂಬಿದ ಗಾಡಿ, ಎರಡನೇ ಗೇರು, ಮುಂದೊಂದು ಲಾರಿ ಅಡ್ಡವಾದರೆ ಮೊದಲನೇ ಗೇರು. ಆ ಹೊತ್ತಿನಲ್ಲಿ ಎಂಜಿನ್ನಿನೊಳಗೆ ಆಯಿಲ್ ಏನು ಪಾಡು ಪಡುತ್ತಿದೆಯೋ ನಮಗೆ ಕಾಣುವುದಿಲ್ಲ.

ಆಯಿಲ್ ವಿಷಯದಲ್ಲಿ ನಮ್ಮ ಕಿವಿಗೆ ಬೀಳುವ ಮಾತುಗಳು ನಾಲ್ಕು. ಗಾಡಿಯ ಕೈಪಿಡಿ 15ಡಬ್ಲ್ಯೂ-40 ಹಾಕಿ, 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ, ದುಡಿಮೆ ಕಠಿಣವಾಗಿದ್ದರೆ ಅದರ ಅರ್ಧಕ್ಕೇ ಬದಲಿಸಿ ಎನ್ನುತ್ತದೆ. ಗ್ಯಾರೇಜಿನ ಹಿರಿಯರು ಯಾವ ಡೀಸೆಲ್ ಗಾಡಿಗಾದರೂ 5,000ವೇ ಸರಿ ಎನ್ನುತ್ತಾರೆ. ಅಂಗಡಿಯಲ್ಲಿ 5ಡಬ್ಲ್ಯೂ-30 ಸಿಂಥೆಟಿಕ್ ಡಬ್ಬಿಯನ್ನು ಮುಂದಿಟ್ಟು ಇದನ್ನು ಹಾಕಿದರೆ ಎರಡು ಪಟ್ಟು ಓಡಿಸಬಹುದು ಎನ್ನುತ್ತಾರೆ. ಸ್ಟ್ಯಾಂಡಿನಲ್ಲಿ ಸಿಗುವ ಬಾಡಿಗೆ ಗಾಡಿಯವರ ಮಾತು, 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿಬಿಡಿ, ಹೊಗೆ ನಿಲ್ಲುತ್ತದೆ, ಸದ್ದೂ ಕಮ್ಮಿಯಾಗುತ್ತದೆ ಎಂದು. ನಾಲ್ವರೂ ನಿಶ್ಚಯದ ದನಿಯಲ್ಲೇ ಹೇಳುತ್ತಾರೆ.

ಪ್ರತ್ಯಕ್ಷವನ್ನು ಮಾತ್ರ ನಂಬುತ್ತೇನೆ ಎನ್ನುವ ಚಾರ್ವಾಕನ ದಾರಿ ಮೊದಲ ನೋಟಕ್ಕೆ ಸುಲಭ. ಡಿಪ್‌ಸ್ಟಿಕ್ ಎಳೆದು ನೋಡಿದರಾಯಿತಲ್ಲ! ಆದರೆ ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಅದು ಕಾಡಿಗೆಯಂತೆ ಕಪ್ಪಾಗಿರುತ್ತದೆ. ಕಪ್ಪು ಎಂದರೆ ಕೆಟ್ಟಿದೆ ಎಂದು ಕಣ್ಣು ಹೇಳುತ್ತದೆ. ನಿಜ ಸಂಗತಿ ಬೇರೆ. ಡೀಸೆಲ್ ಉರಿದಾಗ ಹುಟ್ಟುವ ಮಸಿ ಒಂದೆಡೆ ಗೂಡುಕಟ್ಟದಂತೆ, ಲೋಹಕ್ಕೆ ಅಂಟದಂತೆ ಅದನ್ನು ತನ್ನಲ್ಲೇ ತೇಲಿಸಿ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳನ್ನು ಆಯಿಲ್‌ಗೆ ಬೆರೆಸಿರುತ್ತಾರೆ. ಕಪ್ಪಾಗುವುದು ಆಯಿಲ್ ತನ್ನ ಕೆಲಸ ಮಾಡುತ್ತಿರುವುದರ ಗುರುತು. ಇನ್ನೊಂದು ಸಂಗತಿ ಹೆಚ್ಚು ಅಪಾಯದ್ದು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಕೆಳಗಿಳಿಯದಿದ್ದರೆ ನಾವು ಸಮಾಧಾನಪಡುತ್ತೇವೆ. ಆದರೆ ಉರಿಯದ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತಿದ್ದರೂ ಮಟ್ಟ ಇಳಿಯುವುದಿಲ್ಲ, ಏರುವುದೂ ಉಂಟು. ಆಯಿಲ್ ಆಗ ತೆಳ್ಳಗಾಗಿ ಬೇರಿಂಗುಗಳನ್ನು ಕಾಪಾಡುವ ಶಕ್ತಿ ಕಳೆದುಕೊಂಡಿರುತ್ತದೆ. ತುಂಬಿದೆ ಎಂದು ಕಂಡದ್ದು ವಾಸ್ತವದಲ್ಲಿ ಬರಿದಾಗಿರುತ್ತದೆ.

ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನಕ್ಕೆ ಬಂದರೆ, ತರ್ಕದ ಪಾಠವೆಲ್ಲ ಶುರುವಾಗುವುದೇ ಹೊಗೆಯಿಂದ. ಗುಡ್ಡದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ, ಅಡುಗೆಮನೆಯಲ್ಲಿದ್ದಂತೆ. ಅನ್ನಂಭಟ್ಟನ ತರ್ಕಸಂಗ್ರಹ ಓದಿದ ಯಾವ ವಿದ್ಯಾರ್ಥಿಯೂ ಈ ಉದಾಹರಣೆಯನ್ನು ಮರೆಯಲಾರ. ಸೈಲೆನ್ಸರಿನ ಹೊಗೆಗೂ ಇದೇ ತರ್ಕ ನಡೆಯುತ್ತದೆ: ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನೀಲಿಯಾದರೆ ಎಂಜಿನ್ ಆಯಿಲನ್ನೇ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ನ್ಯಾಯದರ್ಶನದವರಾದ ನೈಯಾಯಿಕರು ಇಲ್ಲಿಗೇ ನಿಲ್ಲಲಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹೊಗೆ ಬರಲು ಹಸಿ ಸೌದೆಯ ಸಂಬಂಧವೂ ಬೇಕು ಎಂದು ಎಚ್ಚರಿಸಿದರು. ಹೀಗೆ ಮರೆಯಲ್ಲಿ ಕುಳಿತು ನಿಯಮವನ್ನು ಕೆಡಿಸುವ ಷರತ್ತನ್ನು ಉಪಾಧಿ ಎಂದು ಕರೆದರು. ದಪ್ಪ ಆಯಿಲ್ ಹಾಕಿದರೆ ನೀಲಿ ಹೊಗೆ ನಿಲ್ಲುತ್ತದೆ, ಆದ್ದರಿಂದ ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದು ಎಂಬ ವಾದದಲ್ಲಿ ಉಪಾಧಿ ಇದೆ. ಸವೆದ ಪಿಸ್ಟನ್ ರಿಂಗುಗಳಿರುವ ಎಂಜಿನ್ನಿನಲ್ಲಿ ಹೊಗೆ ಕಡಿಮೆಯಾದೀತು. ಆದರೆ ರಿಂಗು ಸವೆದೇ ಇದೆ, ಹೊಗೆ ಮಾತ್ರ ಮುಚ್ಚಿಹೋಗಿದೆ. ಸವೆಯದ ಎಂಜಿನ್ನಿನಲ್ಲಿ ಅದೇ ಆಯಿಲ್ ಬೆಳಗಿನ ತಣ್ಣನೆ ಸ್ಟಾರ್ಟಿನ ಹೊತ್ತು ಮೇಲಿನ ಭಾಗಗಳಿಗೆ ನಿಧಾನವಾಗಿ ಏರುತ್ತದೆ. ಎಂಜಿನ್ ಹೆಚ್ಚು ಸವೆಯುವುದೂ ಆ ಹೊತ್ತಿನಲ್ಲೇ.

ಆಯಿಲ್ ಒಳಗೆ ನಿಜಕ್ಕೂ ಏನು ಮಾಡುತ್ತದೆ ಎಂಬುದು 1883ರ ತನಕ ತಜ್ಞರಿಗೂ ಸ್ಪಷ್ಟವಾಗಿರಲಿಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ಬೀಚಂ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗಿನ ಮೇಲೆ ನಡೆಸಿದ ಪ್ರಯೋಗಗಳ ವರದಿ ಕೊಟ್ಟ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು. ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಬಿಡಲು ಒಂದು ತೂತು ಕೊರೆಸಿದ್ದ. ಅಚ್ಚು ತಿರುಗಿದಾಗ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಹಾಕಿದರೆ ಅದನ್ನು ತಳ್ಳಿತು. ಮರದ ಗೂಟ ಬಡಿದರೆ ಅದನ್ನೂ ಎಬ್ಬಿಸಿತು. ಒತ್ತಡಮಾಪಕ ಜೋಡಿಸಿ ನೋಡಿದಾಗ, ಹೊರೆಯಿಂದ ಬರುವ ಸರಾಸರಿ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡ ಆ ಎಣ್ಣೆಯ ಪದರದಲ್ಲಿತ್ತು. ಅಂದರೆ ತಿರುಗುವ ಅಚ್ಚು ಲೋಹದ ಮೇಲೆ ಕೂತಿರಲಿಲ್ಲ. ತನ್ನ ತಿರುಗುವಿಕೆಯಿಂದಲೇ ಎಳೆದುಕೊಂಡ ಎಣ್ಣೆಯ ಮೇಲೆ ತೇಲುತ್ತಿತ್ತು. ಅದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿಕೊಟ್ಟ. ನಮ್ಮ ಪಿಕಪ್ಪಿನ ಕ್ರ್ಯಾಂಕ್‌ಶಾಫ್ಟು ಘಟ್ಟ ಹತ್ತುವಾಗಲೂ ನಡೆಯುವುದು ಇದೇ. ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ತೆಳುವಾದ ಪದರ ಲೋಹವನ್ನು ಲೋಹದಿಂದ ಬೇರೆ ಇಟ್ಟಿರುತ್ತದೆ. ಉಪ್ಪಿನ ಚೀಲಗಳ ಭಾರವೆಲ್ಲ ಕೊನೆಗೆ ಅದರ ಪಾಲಿಗೇ ಬರುತ್ತದೆ. ತರಗತಿಯಲ್ಲಿ ಹೊಗೆ–ಬೆಂಕಿಯ ಪಾಠ ಮುಗಿದ ಮೇಲೆ ಈ ಮರದ ಗೂಟದ ಕಥೆಯನ್ನು ನಾನು ಹೇಳಿಯೇ ಹೇಳುತ್ತೇನೆ. ಕಂಡ ಒಂದು ಸಣ್ಣ ಸಂಗತಿಯಿಂದ ಕಾಣದ್ದಕ್ಕೆ ತಪ್ಪಿಲ್ಲದೆ ತಲುಪುವ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಗೊತ್ತಿಲ್ಲ.

ಆದರೆ ಟವರ್ ಮಾಡಿದ್ದನ್ನು ನಾವು ಪ್ರತಿ ಗಾಡಿಗೂ ಮಾಡಲಾರೆವು. ಅವನ ಮಾತನ್ನು ನಂಬುತ್ತೇವೆ. ಇದೇ ಶಬ್ದಪ್ರಮಾಣ. ಶಬ್ದವೆಂದರೆ ಪ್ರಮಾಣಗಳಲ್ಲಿ ದುರ್ಬಲ, ಸ್ವಂತ ಬುದ್ಧಿ ಇಲ್ಲದವರ ಆಸರೆ ಎಂಬ ತಾತ್ಸಾರ ಇಂದು ಎಲ್ಲೆಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತ, ಎಂದರೆ ಮಾತು ನಂಬಲು ಅರ್ಹನಾದವನು, ಯಾರೆಂದು ಹೇಳುವಾಗ ಎರಡು ಗುಣ ಕೇಳುತ್ತಾನೆ: ವಿಷಯವನ್ನು ತಾನೇ ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆ ಇರಬೇಕು. ಆಮೇಲೆ ಒಂದು ಮಾತು ಸೇರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು. ಅಷ್ಟು ಹಿಂದಿನ ಕಾಲದಲ್ಲಿ ನಂಬಿಕೆಯ ಅರ್ಹತೆಯನ್ನು ಕುಲದಿಂದ, ವೇಷದಿಂದ ಬಿಡಿಸಿ ಅರಿವಿಗೂ ಪ್ರಾಮಾಣಿಕತೆಗೂ ಕಟ್ಟಿದ ಈ ವಾಕ್ಯವನ್ನು ಪಾಠ ಮಾಡುವಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಮೈಯೆಲ್ಲ ಗ್ರೀಸಿನ ಮೆಕ್ಯಾನಿಕ್ಕೂ ಆಪ್ತನಾಗಬಲ್ಲ, ಕೋಟು ತೊಟ್ಟ ಮಾರಾಟಗಾರ ಆಗದೆಯೂ ಇರಬಹುದು.

ಈ ಒರೆಗಲ್ಲಿಗೆ ನಾಲ್ಕು ಮಾತನ್ನೂ ಹಚ್ಚಿ ನೋಡಿ. ಬಾಡಿಗೆ ಗಾಡಿಯವರಿಗೆ ಸತ್ಯ ಹೇಳುವ ಇಚ್ಛೆ ಇದೆ, ಆದರೆ ಅವರು ಕಂಡದ್ದು ತಮ್ಮ ಸವೆದ ಎಂಜಿನ್ನುಗಳನ್ನು. ಅಂಗಡಿಯಲ್ಲಿ ಅರಿವು ಇರಬಹುದು, ಮಾತಿನಲ್ಲಿ ಲಾಭವೂ ಬೆರೆತಿದೆ. ಸಿಂಥೆಟಿಕ್ ಒಳ್ಳೆಯ ಆಯಿಲೇ, ಆದರೆ 5ಡಬ್ಲ್ಯೂ ಎಂಬ ಮೊದಲ ಅಂಕಿ ಕೊರೆಯುವ ಚಳಿಯಲ್ಲಿ ಹರಿಯುವ ಗುಣಕ್ಕೆ ಸಂಬಂಧಪಟ್ಟದ್ದು. 15ಡಬ್ಲ್ಯೂ ಆಯಿಲನ್ನೇ ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಶಿರಸಿಯ ಚಳಿ 10 ಡಿಗ್ರಿಗಿಂತ ಕೆಳಗಿಳಿದರೆ ಊರೆಲ್ಲ ಅದೇ ಮಾತಾಗುತ್ತದೆ. ನಮಗೆ ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿ. 100 ಡಿಗ್ರಿ ಬಿಸಿಯಲ್ಲಿ 40ರ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿನ ಸ್ನಿಗ್ಧತೆ ಉಳಿಸಿಕೊಂಡಿರಬೇಕು, 30ರದ್ದು ಅದಕ್ಕಿಂತ ತೆಳು, 50ರದ್ದು ಅದಕ್ಕಿಂತ ಗಟ್ಟಿ. ಎಂಜಿನ್ ರೂಪಿಸಿದವರು ಬೇರಿಂಗಿನ ಸಂದು, ಪಂಪಿನ ಶಕ್ತಿ ಎಲ್ಲವನ್ನೂ ಅಳೆದು 40 ಎಂದು ಬರೆದಿದ್ದಾರೆ. ಈ ಪ್ರಶ್ನೆಯಲ್ಲಿ ನೇರ ಅರಿವು ಇರುವುದು ಅವರಿಗೆ. ನಮ್ಮದು ಹಳೆಯ ಗಾಡಿ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಅಲ್ಲಿ ನೆರೆಮನೆಯವರ ಡಬ್ಬಿ ನೋಡಿ ಹಾಕುವುದು ಹಾನಿ.

ಇನ್ನು ಗ್ಯಾರೇಜಿನ ಹಿರಿಯರ 5,000. ಅದನ್ನು ಹಳೇ ಕಾಲದ ಮೂಢನಂಬಿಕೆ ಎಂದು ತಳ್ಳುವವರಿದ್ದಾರೆ. ಅದು ಅನ್ಯಾಯ. ಅವರು ಕೆಲಸ ಕಲಿತ ಕಾಲದ ಡೀಸೆಲ್ಲಿನಲ್ಲಿ ಗಂಧಕ ವಿಪರೀತ ಇತ್ತು. ಬಿಎಸ್2ರಲ್ಲಿ ಹತ್ತು ಲಕ್ಷ ಪಾಲಿಗೆ 500, ಬಿಎಸ್3ರಲ್ಲಿ 350, ಬಿಎಸ್4ರಲ್ಲಿ 50, ಈಗ ಬಿಎಸ್6ರಲ್ಲಿ 10. ಗಂಧಕ ಉರಿದರೆ ಆಮ್ಲ ಹುಟ್ಟುತ್ತದೆ, ಆಮ್ಲ ಆಯಿಲ್ಲಿನಲ್ಲಿರುವ ಕ್ಷಾರದ ದಾಸ್ತಾನನ್ನು ತಿಂದುಹಾಕುತ್ತದೆ. ಆಗ 5,000 ಎನ್ನುವುದು ಎಂಜಿನ್ ಬಿಚ್ಚಿ ಬಿಚ್ಚಿ ಕಂಡುಕೊಂಡ ಸತ್ಯ. ಆ ಮಾತು ಸುಳ್ಳಾಗಿಲ್ಲ, ಅದು ನಿಂತಿದ್ದ ನೆಲ ಬದಲಾಗಿದೆ. ಶಾಸ್ತ್ರದ ಎಷ್ಟೋ ವಿಧಿನಿಷೇಧಗಳನ್ನು ಓದುವಾಗ ನನಗೆ ಇದೇ ದಾರಿ ಸರಿ ಎನಿಸುತ್ತದೆ: ಹೇಳಿದವರನ್ನು ಗೌರವಿಸಬೇಕು, ಯಾವ ಕಾರಣ ಇಟ್ಟುಕೊಂಡು ಹೇಳಿದರೋ ಆ ಕಾರಣ ಇಂದಿಗೂ ಉಳಿದಿದೆಯೇ ಎಂದು ಕೇಳಬೇಕು. ಕೇಳಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಗಂಧಕ ಕಡಿಮೆಯಾಗಿದ್ದರೂ ನಮ್ಮ ಘಟ್ಟ, ಭಾರ, ಮಳೆಗಾಲದ ಕೆಸರು, ತೋಟದ ದಾರಿಯ ಸಣ್ಣ ಸಣ್ಣ ಓಡಾಟ ಎಲ್ಲವೂ ಕೈಪಿಡಿ ಹೇಳುವ ಕಠಿಣ ದುಡಿಮೆಯ ಪಟ್ಟಿಯಲ್ಲೇ ಇವೆ. ಹಾಗಾಗಿ ಕೈಪಿಡಿಯ ಅರ್ಧವೂ ಹಿರಿಯರ ಸಂಖ್ಯೆಯೂ ನಮ್ಮ ಗಾಡಿಯ ಮಟ್ಟಿಗೆ ಒಂದೇ ಆದವು, ಕಾರಣ ಮಾತ್ರ ಬೇರೆ.

ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. ಜ್ಞಾನ ನಿಜವೇ ಎಂಬುದು ಅದರಂತೆ ನಡೆದು ಫಲ ಸಿಕ್ಕಾಗ ತಿಳಿಯುತ್ತದೆ ಎನ್ನುತ್ತಾರೆ ನೈಯಾಯಿಕರು. ನೀರೆಂದು ತೋರಿದ್ದನ್ನು ಕುಡಿದು ದಾಹ ತೀರಿದರೆ ಅದು ನೀರೇ. ಆದರೆ ಆಯಿಲ್ ಬದಲಿಸಿದ್ದರ ಫಲ ಏನು? ಲಕ್ಷಾಂತರ ಕಿಲೋಮೀಟರಿನ ಆಚೆ, ಏನೂ ಆಗದಿರುವುದು. ಅಭಾವವೇ ಫಲ. ಬೇರಿಂಗ್ ಹೋಗಲಿಲ್ಲ ಎಂಬುದನ್ನು ಯಾರೂ ಎತ್ತಿ ತೋರಿಸಲಾರರು. ಇಲ್ಲಿ ನಾನು ಮೀಮಾಂಸಕರ ಕಡೆ ವಾಲುತ್ತೇನೆ. ದೋಷ ಕಾಣುವ ತನಕ ಜ್ಞಾನ ತನ್ನಷ್ಟಕ್ಕೇ ಪ್ರಮಾಣ ಎಂಬುದು ಅವರ ನಿಲುವು. ಫಲ ಕಂಡ ಮೇಲೆಯೇ ನಂಬುತ್ತೇನೆ ಎಂದು ಕಾಯುವವರಿಗೆ ಎಂಜಿನ್ ಸೀಜ್ ಆದ ದಿನವೇ ಪ್ರಮಾಣ ಸಿಗುತ್ತದೆ. ಫಲ ತಡವಾಗಿ, ಕಾಣದಂತೆ ಬರುವ ಕರ್ಮಗಳಲ್ಲಿ ಮಾತಿನ ಮೇಲಿನ ಶ್ರದ್ಧೆಯೇ ವಿವೇಕ. ಪ್ರಯೋಗಾಲಯಕ್ಕೆ ಆಯಿಲ್ ಕಳಿಸಿ ಕಬ್ಬಿಣದ ಕಣ, ಮಸಿ, ಕ್ಷಾರ ಎಷ್ಟೆಂದು ಅಳೆಸುವ ದಾರಿಯೂ ಇದೆ, ದೊಡ್ಡ ಸಾರಿಗೆಯವರು ಹಾಗೆ ಮಾಡುತ್ತಾರೆ. ಒಂದೇ ಪಿಕಪ್ ಇರುವ ಮನೆಗೆ ಅದು ಹೊರೆ.

ನಮ್ಮಲ್ಲಿ ಈಗ ಮೃಗಶಿರಾ ಮಳೆಗೆ ಮೊದಲು ಒಮ್ಮೆ, ಆಯುಧಪೂಜೆಗೆ ಮೊದಲು ಒಮ್ಮೆ ಆಯಿಲ್ ಬದಲಾಗುತ್ತದೆ. ನಡುವೆ 5,000 ದಾಟಿದರೆ ಆಗಲೂ. ಫಿಲ್ಟರನ್ನೂ ಜೊತೆಗೇ ಬದಲಿಸುತ್ತೇವೆ. ಹೊಸ ಆಯಿಲ್ ತುಂಬಿದ ಗಾಡಿಗೆ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಡುವುದು ಎಷ್ಟು ಸಮಂಜಸ ಎನಿಸುತ್ತದೆ! ಪೂಜೆಯೂ ಕಾಣದ್ದಕ್ಕೆ ಸಲ್ಲಿಸುವ ಗಮನವೇ. ಇಳಿಸಿದ ಆಯಿಲನ್ನು ತೋಟದ ಕಾಲುವೆಗೆ ಚೆಲ್ಲದೆ, ಬೇಲಿಗೂಟಕ್ಕೂ ಬಳಿಯದೆ, ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಒಪ್ಪಿಸುತ್ತೇವೆ. ಖಾಲಿ ಡಬ್ಬಿಗೆ ತೂತು ಮಾಡುತ್ತೇವೆ, ಏಕೆಂದರೆ ಹೆಸರಾಂತ ಡಬ್ಬಿಗೆ ನಕಲಿ ಆಯಿಲ್ ತುಂಬಿ ಮಾರುವವರು ಕಳವು ಮಾಡುವುದು ಆ ಲೇಬಲ್ಲಿನ ಮಾತನ್ನು. ಆಪ್ತನ ದನಿಯಲ್ಲಿ ಸುಳ್ಳು ಹೇಳುವುದಕ್ಕಿಂತ ದೊಡ್ಡ ದ್ರೋಹ ಇಲ್ಲ.

ಮೆಕ್ಯಾನಿಕ್ ಅಣ್ಣತಮ್ಮಂದಿರಲ್ಲಿ ಒಂದು ಬಿನ್ನಹ. ಸಾವಿರಾರು ಮನೆಗಳು ನಿಮ್ಮ ಮಾತಿನ ಮೇಲೆ ಗಾಡಿ ಓಡಿಸುತ್ತಿವೆ. ಸಂಖ್ಯೆಯನ್ನು ಹೇಳುವಾಗ ಅದರ ಕಾರಣವನ್ನೂ ಹೇಳಿ. ಗೊತ್ತಿಲ್ಲದ ಹೊಸ ಎಂಜಿನ್ ಎದುರು ಬಂದರೆ ಕೈಪಿಡಿ ತೆಗೆಸಿ, ನಮ್ಮ ಮುಂದೆಯೇ ಓದಿ.